‘ಸಂಪಾದಿಸಿ’ ಎಂಬ ಗುಂಡಿಯೂ ಗ್ರಂಥಸಂಪಾದನೆಯೂ

ಹಳಗನ್ನಡದ ಬೋಧನೆಯಲ್ಲಿ ವಿಕಿ ಮಾದರಿಯ ಸಾಧನಗಳನ್ನು ಬಳಸಬೇಕೆಂಬ ಮಾತು ಈಗ ಹೊಸತಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಮುಂದೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಂಥ ಸಂಸ್ಥೆಗಳಲ್ಲಿ ಅದಕ್ಕೆ ಬರೆಯುವುದು ವಿದ್ಯಾರ್ಥಿಗಳ ಅಭ್ಯಾಸದ ಭಾಗವೂ ಆಯಿತು. ಇದರಿಂದ ಕನ್ನಡದಲ್ಲಿ ಮಾಹಿತಿ ಬೆಳೆಯಿತು, ಯುನಿಕೋಡಿನಲ್ಲಿ ಸರಾಗವಾಗಿ ಬರೆಯಬಲ್ಲ ತರುಣರು ಹೆಚ್ಚಿದರು ಎಂಬುದನ್ನು ಒಪ್ಪಲೇಬೇಕು. ಆದರೆ ಪ್ರಾಚೀನ ಕಾವ್ಯವನ್ನು ಓದಲು ಬಂದ ವಿದ್ಯಾರ್ಥಿಗೆ ವಿಶ್ವಕೋಶದ ಲೇಖನ ಬರೆಯುವುದು ತಕ್ಕ ಅಭ್ಯಾಸವೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಅದಕ್ಕಿಂತ ಬಹಳ ಒಳ್ಳೆಯ ಅಭ್ಯಾಸವೊಂದು ಅದೇ ಬಳಗದ ವಿಕಿಸೋರ್ಸಿನಲ್ಲಿದೆ. ಅದನ್ನು ನಾವು ಬೆರಳಚ್ಚಿನ ಕೂಲಿಯೆಂದಷ್ಟೇ ಬಗೆದಿದ್ದೇವೆ.

ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ ಎಡೆಯಿಲ್ಲ. ಪ್ರಕಟಿತ ಆಕರಗಳಲ್ಲಿರುವುದನ್ನೇ ಹೇಳಬೇಕು. ವಿಶ್ವಕೋಶಕ್ಕೆ ಇದು ನ್ಯಾಯವಾದ ನಿಯಮ. ಆದರೆ ಪದ್ಯವೊಂದನ್ನು ತಾನೇ ಅನ್ವಯಿಸಿಕೊಂಡು, ಇಲ್ಲಿ ಈ ಶಬ್ದಕ್ಕೆ ಈ ಅರ್ಥವೇ ಹೊಂದುತ್ತದೆಂದು ವಾದಿಸುವುದನ್ನಲ್ಲವೆ ಸಾಹಿತ್ಯದ ವಿದ್ಯಾರ್ಥಿ ಕಲಿಯಬೇಕಾದದ್ದು? ಪಂಪನನ್ನು ಕುರಿತ ಲೇಖನವನ್ನು ಪಂಪನ ಒಂದು ಪದ್ಯವನ್ನೂ ಓದದೆ ಪೂರೈಸಬಹುದು. ಒಂದು ಸಾಹಿತ್ಯಚರಿತ್ರೆ, ಎರಡು ಮುನ್ನುಡಿಗಳು ಸಾಕು.

ವಿಕಿಸೋರ್ಸಿನ ಕ್ರಮ ಬೇರೆ. ಅಲ್ಲಿ ಪರದೆಯ ಒಂದು ಬದಿಗೆ ಮುದ್ರಿತ ಪುಟದ ಚಿತ್ರ, ಇನ್ನೊಂದು ಬದಿಗೆ ತಿದ್ದಬೇಕಾದ ಪಠ್ಯ. ಓಸಿಆರ್ ತಂತ್ರಾಂಶ ಕೊಟ್ಟ ಪಠ್ಯ ಮೊದಲು ಕೆಂಪು ಗುರುತಿನಲ್ಲಿರುತ್ತದೆ. ಒಬ್ಬರು ಕರಡು ತಿದ್ದಿದ ಮೇಲೆ ಹಳದಿ, ಬೇರೊಬ್ಬರು ಮತ್ತೆ ಹೋಲಿಸಿ ಒಪ್ಪಿದ ಮೇಲೆ ಹಸಿರು. ತಿದ್ದಿದವರೇ ತಮ್ಮ ಪುಟಕ್ಕೆ ಹಸಿರು ಕೊಟ್ಟುಕೊಳ್ಳುವಂತಿಲ್ಲ. ಪ್ರತಿಯೊಂದು ಬದಲಾವಣೆಯೂ ಪುಟದ ಇತಿಹಾಸದಲ್ಲಿ ಉಳಿಯುತ್ತದೆ.

ಆಧುನಿಕ ಗದ್ಯದಲ್ಲಿ ಈ ಕೆಲಸ ಬೇಸರದ್ದೇ. ಹಳಗನ್ನಡದಲ್ಲಿ ಹಾಗಲ್ಲ, ಏಕೆಂದರೆ ಅಲ್ಲಿ ಒಂದು ಅಕ್ಷರ ತಪ್ಪಿದರೆ ಅರ್ಥವೇ ತಪ್ಪುತ್ತದೆ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಕಱೆ’ಯುವುದು ಹಾಲನ್ನು, ‘ಕರೆ’ಯುವುದು ಜನರನ್ನು. ‘ಅಱಿ’ದವನು ತಿಳಿದವನು, ‘ಅರಿ’ದವನು ಕತ್ತರಿಸಿದವನು. ಇಂದಿನ ಬರವಣಿಗೆಯಲ್ಲಿ ೞ, ಱಗಳು ಇಲ್ಲವಾದ್ದರಿಂದ ವಿದ್ಯಾರ್ಥಿಯ ಕಣ್ಣು ಅವುಗಳನ್ನು ಬಲ್ಲ ಅಕ್ಷರಗಳಿಗೆ ಸರಿಸಿ ಓದುತ್ತದೆ. ಇಂದಿನ ಮುದ್ರಣದಿಂದಲೇ ಕಲಿತ ತಂತ್ರಾಂಶದಿಂದ ಬೇರೇನನ್ನು ನಿರೀಕ್ಷಿಸೋಣ? (ಯುನಿಕೋಡಿನಲ್ಲಿಯೂ ೞಕಾರಕ್ಕೆ ಮೊದಲು ‘ಫ’ ಎಂಬರ್ಥದ ತಪ್ಪು ಹೆಸರು ಬಿದ್ದಿತು. ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಸೇರಿತು. ಕೇಶಿರಾಜನು ರೞ, ಕುಳ, ಕ್ಷಳಗಳನ್ನು ಬಿಡಿಸಿ ತೋರಿಸಿ ಏಳುನೂರು ವರ್ಷಗಳಾದ ಮೇಲಿನ ಮಾತು ಇದು.) ಇವಲ್ಲದೆ ಅರ್ಕಾವತ್ತು ಒಂಬತ್ತರ ಅಂಕಿಯಾಗುವುದು, ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂರುವುದು ಮುಂತಾದ ದೋಷಗಳಿವೆ. ಇವು ಕಣ್ಣಿಗೆ ಕಾಣುವುದಿಲ್ಲ, ಆದರೆ ಪದವನ್ನು ಹುಡುಕಿದರೆ ಸಿಗದಂತೆ ಮಾಡುತ್ತವೆ.

ಒಂದು ಪದ್ಯದಲ್ಲಿ ೞಕಾರವಿರಬೇಕಾದೆಡೆ ಳಕಾರ ಕಂಡಿತೆಂದುಕೊಳ್ಳೋಣ. ತಪ್ಪಿದ್ದು ತಂತ್ರಾಂಶವೇ, ಮುದ್ರಣವೇ, ಓಲೆಯ ಲಿಪಿಕಾರನೇ, ಅಥವಾ ಕವಿಯ ಕಾಲಕ್ಕೇ ಆ ಎರಡು ಧ್ವನಿಗಳ ಭೇದ ಸಡಿಲವಾಗಿತ್ತೇ? ಮೊದಲನೆಯದನ್ನು ಪುಟದ ಚಿತ್ರ ಕೂಡಲೇ ನಿರ್ಣಯಿಸುತ್ತದೆ. ಉಳಿದ ಮೂರಕ್ಕೆ ದ್ವಿತೀಯಾಕ್ಷರ ಪ್ರಾಸವನ್ನು ನೋಡಬೇಕು, ಛಂದಸ್ಸನ್ನು ಎಣಿಸಬೇಕು, ಕಿಟ್ಟೆಲ್ ನಿಘಂಟನ್ನು ತೆರೆಯಬೇಕು. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಚರ್ಚಿಸಿದ ಶಾಸ್ತ್ರದ ಬಾಗಿಲಿಗೆ ವಿದ್ಯಾರ್ಥಿ ಹೀಗೆ ತಾನಾಗಿಯೇ ಬಂದು ನಿಲ್ಲುತ್ತಾನೆ.

ತೊಡಕು ಹುಟ್ಟುವುದೂ ಇಲ್ಲಿಯೇ. ಕನ್ನಡ ವಿಕಿಗಳ ಪುಟದ ಮೇಲಿನ ಗುಂಡಿ ‘ಸಂಪಾದಿಸಿ’ ಎನ್ನುತ್ತದೆ. ನಮ್ಮ ವಿದ್ವತ್ ಪರಂಪರೆಯಲ್ಲಿ ಸಂಪಾದನೆಯೆಂದರೆ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವುದು. ವಿಕಿಸೋರ್ಸಿನಲ್ಲಿ ಆ ಅಧಿಕಾರ ಯಾರಿಗೂ ಇಲ್ಲ. ಅಲ್ಲಿ ನಿಷ್ಠೆ ಇರಬೇಕಾದದ್ದು ಎದುರಿಗಿರುವ ಮುದ್ರಣಕ್ಕೆ, ಅದು ತಪ್ಪಾಗಿದ್ದರೂ ಸಹ. ಚುರುಕಾದ ವಿದ್ಯಾರ್ಥಿಯೇ ಇಲ್ಲಿ ಹೆಚ್ಚು ಅಪಾಯಕಾರಿ: ಅವನು ಸರಿಯಾದ ಪಾಠವನ್ನು ಊಹಿಸಿ ಪುಟದಲ್ಲಿಯೇ ತಿದ್ದಿಬಿಡುತ್ತಾನೆ, ಮತ್ತು ಮುಂದಿನ ಓದುಗನಿಗೆ ಅದು ಹಳೆಯ ಸಂಪಾದಕನ ಪಾಠವಾಗಿಯೇ ತೋರುತ್ತದೆ. ಪುಟದಲ್ಲಿ ಮುದ್ರಣದ ಪಾಠ, ಚರ್ಚೆಯ ಪುಟದಲ್ಲಿ ತನ್ನ ಊಹೆ ಮತ್ತು ಅದರ ಕಾರಣ: ಈ ವಿಭಜನೆಯನ್ನು ಅಧ್ಯಾಪಕರು ಮೊದಲ ದಿನವೇ ಕಲಿಸದಿದ್ದರೆ ತರಗತಿಯ ಉತ್ಸಾಹವೆಲ್ಲ ಪಠ್ಯವನ್ನು ಕೆಡಿಸಲು ಬಳಕೆಯಾದೀತು.

ಇನ್ನೊಂದು ಮಿತಿ ಕಾನೂನಿನದು. ಭಾರತದಲ್ಲಿ ಕರ್ತೃವಿನ ನಿಧನದ ನಂತರ 60 ವರ್ಷ ಹಕ್ಕುಸ್ವಾಮ್ಯವಿರುತ್ತದೆ. 1971ರಲ್ಲಿ ತೀರಿಕೊಂಡ ಡಿ. ಎಲ್. ಎನ್. ಅವರ ಕೆಲಸ 2031ರ ಕೊನೆಯವರೆಗೂ ಮುಕ್ತವಾಗದು. ಹೀಗಾಗಿ ವಿಕಿಗೆ ನಿರಾತಂಕವಾಗಿ ಸಿಗುವುದು ಕೆ. ಬಿ. ಪಾಠಕರ 1898ರ ‘ಕವಿರಾಜಮಾರ್ಗ’, ಕಿಟ್ಟೆಲರ 1872ರ ‘ಶಬ್ದಮಣಿದರ್ಪಣ’ದಂಥ ಹಳೆಯ ಮುದ್ರಣಗಳು. ಕರ್ನಾಟಕದ ಹೊರಗೆ, ಗ್ರಂಥಾಲಯದ ನೆರವಿಲ್ಲದೆ ಓದುವವರಿಗೆ ಅವೇ ಅಂತಿಮ ಪಾಠಗಳೆಂಬ ಭ್ರಮೆ ಹುಟ್ಟಬಹುದು. ಆದರೂ ಅಭ್ಯಾಸದ ದೃಷ್ಟಿಯಿಂದ ಇದು ಲಾಭವೆಂದೇ ತೋರುತ್ತದೆ. ತೀರ್ಮಾನವಾಗದ ಪಾಠಗಳು ಉಳಿದ ಮುದ್ರಣದಲ್ಲಿ ವಿದ್ಯಾರ್ಥಿಗೆ ಮಾಡಲು ಕೆಲಸವಿರುತ್ತದೆ.

ಅಂಕ ಕೊಡುವ ಬಗೆ ಬದಲಾಗದೆ ಇದಾವುದೂ ನಡೆಯದು. ಎಷ್ಟು ಪುಟ, ಎಷ್ಟು ಬೈಟು, ಎಷ್ಟು ತಿದ್ದುಪಡಿ ಎಂಬ ಲೆಕ್ಕ ಯಂತ್ರಕ್ಕೆ ಸುಲಭ, ಅಧ್ಯಾಪಕರಿಗೂ ಸುಲಭ. ನೂರು ಪುಟಗಳನ್ನು ಕಣ್ಣುಮುಚ್ಚಿ ಹಳದಿ ಮಾಡುವವರನ್ನು ಅದು ಬೆಳೆಸುತ್ತದೆ. ಅದರ ಬದಲು ಒಂದು ಸೆಮಿಸ್ಟರಿಗೆ ತಲಾ ಹತ್ತು ಪುಟ ಸಾಕು. ಹೊರದೇಶದ ಒಂದು ತರಗತಿ ಕರಡು ತಿದ್ದಲಿ, ಮೈಸೂರಿನದೋ ಧಾರವಾಡದ್ದೋ ಇನ್ನೊಂದು ತರಗತಿ ಪರಿಶೀಲಿಸಲಿ; ಇಬ್ಬರಿಗೂ ಒಮ್ಮತವಿಲ್ಲದ ಎಡೆಗಳನ್ನು ಚರ್ಚೆಯ ಪುಟದಲ್ಲಿ ಬರೆಯಲಿ. ಅಂಕ ಆ ಚರ್ಚೆಗೆ ಸಲ್ಲಬೇಕು. ಪುಟ ಹಳದಿಯಲ್ಲಿಯೇ ನಿಂತರೂ ಸರಿಯೆ.