ಕರಕರ ಸದ್ದಿನೊಳಗೆ ಎರಡು ಬಾನಾಡಿ

ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಸಂಗೀತಪ್ರೇಮದ ಮಾತು ಬಂದಾಗಲೆಲ್ಲ ಮೈಸೂರಿನವರು 1950ರ ಮೇ 22ರ ಲಂಡನ್ ಕಛೇರಿಯನ್ನು ನೆನೆಯುತ್ತಾರೆ. ಅಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸನ ‘ನಾಲ್ಕು ಕೊನೆಯ ಗೀತೆಗಳು’ ಮೊದಲ ಸಲ ಕೇಳಿಬಂದವು. ಹಾಡಿದಾಕೆ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಈ ಕಛೇರಿಗೆ ಮಹಾರಾಜರು 4,800 ಡಾಲರಿನ ಖಾತರಿ ಕೊಟ್ಟರು, ಧ್ವನಿಮುದ್ರಣ ಅವರ ಸಂಗ್ರಹಕ್ಕಾಗಿ ಮೈಸೂರಿಗೆ ಹೊರಟಿತು. ಅಭಿಮಾನದ ಬರಹಗಳು ಇಷ್ಟಕ್ಕೇ ನಿಲ್ಲುತ್ತವೆ. ಆ ಮುದ್ರಣ ಕಿವಿಗೆ ಹೇಗಿದೆ ಎಂಬ ಪ್ರಶ್ನೆಯನ್ನು ಅವು ಎತ್ತುವುದಿಲ್ಲ.

ಕೇಳಿದರೆ ಮೊದಲು ಸಿಗುವುದು ಕರಕರ. ಕಛೇರಿ ಅಚ್ಚಾದದ್ದು ಅಸಿಟೇಟ್ ತಟ್ಟೆಗಳ ಮೇಲೆ. ಅವುಗಳ ಮೆದು ಲೇಪ ಮುಳ್ಳು ಓಡಿದಷ್ಟೂ ಸವೆಯುತ್ತದೆ. ಎಲ್‌ಪಿಗೆ ಇಳಿಸುವ ಹೊತ್ತಿಗೆ ತಟ್ಟೆಗಳು ಕೆಟ್ಟಿದ್ದವು, ಆ ಎಲ್‌ಪಿಯೂ ಕಳಪೆಯೆನಿಸಿತು. 2007ರಲ್ಲಿ ರೋಜರ್ ಬಿಯರ್ಡ್ಸ್‌ಲಿ ಬ್ರಿಟನ್ನಿನ ಫುರ್ಟ್‌ವೆಂಗ್ಲರ್ ಸೊಸೈಟಿಗಾಗಿ, 2014ರಲ್ಲಿ ಆಂಡ್ರ್ಯೂ ರೋಸ್ ತಮ್ಮ ಪ್ರಿಸ್ಟೀನ್ ಆಡಿಯೊಗಾಗಿ ಅದನ್ನು ಡಿಜಿಟಲ್ ವಿಧಾನದಿಂದ ರಿಪೇರಿ ಮಾಡಿದರು.

ಈ ಕೆಲಸದ ನಿಜವಾದ ಪರೀಕ್ಷೆ ಅಂದು ಕೊನೆಯದಾಗಿ ಹಾಡಿದ ‘ಇಮ್ ಆಬೆಂಡ್‌ರೋಟ್’, ಅಂದರೆ ‘ಸಂಜೆಗೆಂಪಿನಲ್ಲಿ’. ಇಡೀ ವಾದ್ಯವೃಂದದ ತುಂಬುನಾದದಿಂದ ಅದು ತೆರೆದುಕೊಳ್ಳುತ್ತದೆ. ವೃದ್ಧ ದಂಪತಿ, ಇಳಿಹೊತ್ತು, ಮೇಲೇರುವ ಎರಡು ಬಾನಾಡಿ. ಆ ಹಕ್ಕಿಗಳನ್ನು ಸ್ಟ್ರಾಸ್ ಫ್ಲೂಟುಗಳ ಕಂಪನದಲ್ಲಿ ಇಟ್ಟಿದ್ದಾನೆ. ಸಾವನ್ನು ಕುರಿತ ಪ್ರಶ್ನೆಯ ಬೆನ್ನಿಗೆ, ತಾನೇ ಅರುವತ್ತು ವರ್ಷ ಹಿಂದೆ ಬರೆದ ‘ಸಾವು ಮತ್ತು ರೂಪಾಂತರ’ದ ಸ್ವರಗುಚ್ಛವೊಂದನ್ನು ಹಾರ್ನ್ ನುಡಿಸುತ್ತದೆ. ಮತ್ತೆ ಹಕ್ಕಿಗಳು, ಬಹಳ ಮೆಲ್ಲಗೆ.

ತೊಡಕು ಇಲ್ಲಿದೆ. ಕರಕರ ಸದ್ದು ಹೆಚ್ಚು ಕಾಡುವುದು ಮೇಲಿನ ಕಂಪನಾಂಕಗಳಲ್ಲಿ, ಫ್ಲೂಟಿನ ಹೊಳಪು ಇರುವುದೂ ಅಲ್ಲೇ. ಸದ್ದನ್ನು ಪೂರ್ತಿ ಒರೆಸಹೊರಟರೆ ಹಕ್ಕಿಗಳೂ ಅಳಿಸಿಹೋಗುತ್ತವೆ. ಅಳಿದದ್ದನ್ನು ಮರೆಮಾಡಲು ಕಂಪ್ರೆಸರ್ ಹಾಕಿ ಮೆಲುದನಿಯನ್ನು ಎತ್ತಿದರೆ ಅನಾಹುತ ಇನ್ನೂ ದೊಡ್ಡದು: ಆರಂಭದ ಪ್ರವಾಹಕ್ಕೂ ಕೊನೆಯ ನಿಶ್ಶಬ್ದಕ್ಕೂ ಅಂತರವೇ ಉಳಿಯುವುದಿಲ್ಲ. ಇಡೀ ಗೀತೆ ನಿಂತಿರುವುದು ಆ ಅಂತರದ ಮೇಲೆ. ಮೈಸೂರಿನ ವೈಣಿಕ ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಿಲ್ಲ. ಮೀಟು ಜೋರು, ಆಮೇಲೆ ತಂತಿ ಎಳೆದು ತೆಗೆದ ಗಮಕ ಕ್ಷೀಣಿಸುತ್ತ ಸಾಗುತ್ತದೆ. ಎರಡನ್ನೂ ಒಂದೇ ಎತ್ತರಕ್ಕೆ ತಂದರೆ ವೀಣೆಯ ಗುರುತೇ ಹೋಗುತ್ತದೆ.

‘ಪರದೆ ಸರಿಯಿತು’ ಎಂದು ಪ್ರತಿ ರೀಮಾಸ್ಟರನ್ನೂ ಹೊಗಳುವ ವಿಮರ್ಶಕರೊಡನೆ ನನ್ನ ಜಗಳ ಇರುವುದು ಈ ಕಾರಣಕ್ಕೆ. ಅರ್ಧ ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನು ‘ಹೆಚ್ಚು ಸ್ಪಷ್ಟ’ ಎಂದು ನಂಬಿಬಿಡಬಹುದು. 2008ರಲ್ಲಿ ಮೆಟಾಲಿಕಾ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಅತಿಜೋರಿನಿಂದ ಒಡೆದಾಗ ಅಭಿಮಾನಿಗಳೇ ದನಿಯೆತ್ತಿದರು. ಹಳೆಯ ಶಾಸ್ತ್ರೀಯ ಮುದ್ರಣಗಳ ವಿಮರ್ಶೆಗೆ ಆ ಎಚ್ಚರ ಇನ್ನೂ ಬಂದಿಲ್ಲ. ರೋಸ್ ಅವರ ‘ಎಕ್ಸ್‌ಆರ್’ ಪದ್ಧತಿಯೂ ಪ್ರಶ್ನಾತೀತವಲ್ಲ. ಈಚಿನ ಒಳ್ಳೆಯ ಮುದ್ರಣವೊಂದರ ಸ್ವರವರ್ಣವನ್ನು ಅಳತೆಗೋಲಾಗಿಟ್ಟು ಹಳೆಯದನ್ನು ತಿದ್ದುವ ಕ್ರಮ ಅದು. ಮಂಕಾದ ಮೈಕಿನ ದೋಷ ಅದರಿಂದ ಸರಿಹೋಗುತ್ತದೆ, ನಿಜ. ಆದರೆ ಫುರ್ಟ್‌ವೆಂಗ್ಲರ್ ಬೇಕೆಂದೇ ತಂದ ಗಾಢ ವರ್ಣ ಯಾವುದು, ಮೈಕಿನ ಮಂಕು ಯಾವುದು ಎಂಬುದನ್ನು ಆ ಅಳತೆಗೋಲು ಹೇಳಲಾರದು.

ಬಿಯರ್ಡ್ಸ್‌ಲಿ, ರೋಸ್ ಇಬ್ಬರ ದುಡಿಮೆಯೂ ದೊಡ್ಡದು. ಅದಿಲ್ಲದೆ ಆ ಸಂಜೆ ಇಷ್ಟಾದರೂ ನಮಗೆ ದಕ್ಕುತ್ತಿರಲಿಲ್ಲ. ಆದರೂ ತೀರ್ಪು ಸ್ಪಷ್ಟ: ಈ ತಟ್ಟೆಗೆ ಬೇಕಾದದ್ದು ಕಡಿಮೆ ಕೈ. ಕರಕರ ಉಳಿಯಲಿ, ಫ್ಲೂಟು ಉಳಿಯಬೇಕು.

ಇನ್ನು ಮುಂದೆ ಮಹಾರಾಜರ ಔದಾರ್ಯದ ಬಗ್ಗೆ ಬರೆಯುವವರು ಮೊದಲು ಎರಡೂ ಆವೃತ್ತಿಗಳನ್ನು ಒಂದೇ ಜೋರಿಗೆ ಹೊಂದಿಸಿಕೊಂಡು, ನಡುವೆ ವಾಲ್ಯೂಮ್ ಮುಟ್ಟದೆ, ಕೊನೆಯ ಗೀತೆಯನ್ನು ಪೂರ್ತಿ ಕೇಳಲಿ. ಖಾತರಿಯ ಮೊತ್ತವನ್ನು ಆಮೇಲೆ ಬರೆಯಲಿ.