ಒಪೆರಾ ಹೌಸಿಗೆ ರಂಗ ಮರಳಿತು

ಮುಂಬಯಿಯ ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ರಾಯಲ್ ಒಪೆರಾ ಹೌಸಿಗೆ ನಡೆದೇ ಹೋಗಬಹುದು. ಸುತ್ತಲಿನ ಪ್ರದೇಶಕ್ಕೂ ಅದರದೇ ಹೆಸರು. 1993ರಿಂದ ಇಪ್ಪತ್ತಮೂರು ವರ್ಷ ಟ್ಯಾಕ್ಸಿಯವರೂ ವಜ್ರದ ವ್ಯಾಪಾರಿಗಳೂ ದಿನವೂ ಆ ಹೆಸರು ಹೇಳುತ್ತಲೇ ಇದ್ದರು. ರಂಗಮಂದಿರದ ಬಾಗಿಲಿಗೆ ಮಾತ್ರ ಬೀಗ ಬಿದ್ದಿತ್ತು.

ಕಲ್ಕತ್ತೆಯಿಂದ ನಾಟಕ ತಂಡಗಳನ್ನು ಊರೂರಿಗೆ ಕಳಿಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲು ದಲ್ಲಾಳಿ ಜಹಾಂಗೀರ್ ಫ್ರಾಮ್‌ಜಿ ಕರಾಕ ಸೇರಿ ಕಟ್ಟಿಸಿದ ಮನೆಯಿದು. 1911ರಲ್ಲಿ ಐದನೇ ಜಾರ್ಜ್ ಬಂದಾಗ, ಕೆಲಸ ಮುಗಿಯುವ ಮೊದಲೇ ಉದ್ಘಾಟನೆ ಆಗಿಹೋಯಿತು. ಹೆಸರು ಒಪೆರಾದ್ದಾದರೂ ಅದಕ್ಕೆ ಜೀವ ತುಂಬಿದವರು ನಮ್ಮ ನಾಟಕದವರು. ಬಾಲಗಂಧರ್ವರು ಇಲ್ಲಿ ಹಾಡಿದರು, ದೀನಾನಾಥ ಮಂಗೇಶ್ಕರರು ಹಾಡಿದರು. ಅವರಿಬ್ಬರೂ ಬೆಳಗಿದ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹಾಗಾಗಿ ಈ ರಂಗದ ಮೇಲೆ ಕನ್ನಡ ನೆಲಕ್ಕೂ ಒಂದಿಷ್ಟು ಹಕ್ಕುಂಟು ಎಂದೇ ನನ್ನ ನಂಬಿಕೆ. ಪೃಥ್ವಿರಾಜ್ ಕಪೂರ್ ಅಂತೂ ನಾಟಕ ಮುಗಿದೊಡನೆ ಜೋಳಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಕಷ್ಟದಲ್ಲಿರುವವರಿಗೆ ನೆರವು ಕೂಡಿಸಲು. ಅಂಥ ಮಹಾನಟ ತಲೆಬಾಗಿ ನಿಂತ ಹೊಸ್ತಿಲು ನನಗೆ ಒಳಗಿನ ದೀಪಗುಚ್ಛಗಳಿಗಿಂತ ದೊಡ್ಡದು.

ಮುಂದೆ ಸಿನಿಮಾ ಗೆದ್ದಿತು. ಪರದೆಗೆ ಅಡ್ಡವೆಂದು ರಂಗದ ಇಕ್ಕೆಲದ ಪ್ರೇಕ್ಷಕರ ಬಾಕ್ಸ್‌ಗಳನ್ನೇ ಕೆಡವಿದರು. 1952ರಲ್ಲಿ ಗುಜರಾತಿನ ಗೊಂಡಲ್ ರಾಜಮನೆತನ ಒಪೆರಾ ಹೌಸನ್ನು ಕೊಂಡುಕೊಂಡಿತು. ಟಿವಿ, ವಿಡಿಯೋ ಬಂದ ಮೇಲೆ ಪ್ರೇಕ್ಷಕರು ಕರಗಿ, ಚಿತ್ರಮಂದಿರವೂ ಮುಚ್ಚಿತು.

ದಕ್ಷಿಣ ಮುಂಬಯಿಯಲ್ಲಿ ಅಷ್ಟು ಜಾಗಕ್ಕೆ ಏನು ಬೆಲೆ ಬರುತ್ತದೆಂದು ಯಾರಿಗೂ ಹೇಳಬೇಕಿಲ್ಲ. ಆದರೂ ರಾಜಮನೆತನ ಅದನ್ನು ಮಾರಲಿಲ್ಲ. ಇಡೀ ಕಥೆಯಲ್ಲಿ ನಾನು ಹೆಚ್ಚು ಗೌರವಿಸುವುದು ಈ ಹಟವನ್ನು. ದುರಸ್ತಿಯ ಹೊಣೆ ಹೊತ್ತವರು ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. 2012ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಇದನ್ನು ಸೇರಿಸಿತು. ಬಣ್ಣ ಬಳಿದು, ಕುರ್ಚಿ ಹಾಕಿ, ಮತ್ತೆ ಸಿನಿಮಾ ತೋರಿಸಿದ್ದರೂ ಜನ ಮೆಚ್ಚುತ್ತಿದ್ದರು. ಲಾಂಬಾ ಆ ಸುಲಭದ ದಾರಿ ಹಿಡಿಯಲಿಲ್ಲ. ಮೊದಲು ಶಿಥಿಲವಾಗಿದ್ದ ಕಟ್ಟಡವನ್ನು ಗಟ್ಟಿಗೊಳಿಸಿದರು. ಆಮೇಲೆ ಹಳೆಯ ಫೋಟೋಗಳನ್ನು ಹುಡುಕಿ, ಮಾಯವಾಗಿದ್ದ ಬಾಕ್ಸ್‌ಗಳನ್ನು ಅವುಗಳ ಪ್ರಕಾರವೇ ಕಟ್ಟಿಸಿದರು. ಕಟ್ಟಡ ಉಳಿಸುವುದು ಒಂದು ಕೆಲಸ, ರಂಗವನ್ನು ರಂಗವಾಗಿಯೇ ಮರಳಿಸುವುದು ಇನ್ನೊಂದು. ಇಲ್ಲಿ ಎರಡೂ ಆಯಿತು. 2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆದಾಗ ಮುಂಬಯಿಯಲ್ಲೇ ಹುಟ್ಟಿದ ಸೊಪ್ರಾನೊ ಗಾಯಕಿ ಪೆಟ್ರೀಷಿಯಾ ರೊಜಾರಿಯೊ ಹಾಡಿದರು. ಮರುವರ್ಷ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಸಂರಕ್ಷಣಾ ಪ್ರಶಸ್ತಿಯೂ ಬಂತು.

ಆದರೆ ಪ್ರಶಸ್ತಿಯಿಂದ ರಂಗಮಂದಿರ ನಡೆಯುವುದಿಲ್ಲ, ಟಿಕೆಟಿನಿಂದ ನಡೆಯುತ್ತದೆ. ಮುಂದಿನ ಸಲ ಮುಂಬಯಿಗೆ ಹೋದಾಗ ಹೊರಗೆ ನಿಂತು ಫೋಟೋ ತೆಗೆದು ಬರಬೇಡಿ. ಅಂದಿನ ಪ್ರದರ್ಶನ ಯಾವುದೇ ಇರಲಿ, ಟಿಕೆಟ್ ಕೊಂಡು ಒಳಗೆ ಕೂತು ನೋಡಿ.