ಬೃಹದ್ಯಂತ್ರಕ್ರೀಡೆಗಳ ಅವನತಿಯೂ ಪುನರುಜ್ಜೀವನವೂ

ಲೋಕದಲ್ಲಿರುವ ವಸ್ತುವನ್ನು ಅನುಕರಿಸುವುದು ಒಂದು ಬಗೆ. ಎಂದೂ ಇಲ್ಲದ ವಸ್ತುವನ್ನು ಇದೆಯೆಂದು ತೋರುವಂತೆ ಅನುಕರಿಸುವುದು ಇನ್ನೊಂದು ಬಗೆ. ವಿಮಾನವನ್ನು ನಡೆಸುವ ವಿಡಿಯೋ ಆಟವು ಮೊದಲನೆಯ ಬಗೆಗೆ ಸೇರಿದುದು. ಅದರ ಗುಣದೋಷಗಳನ್ನು ನಿಜವಾದ ವಿಮಾನದೊಡನೆ ಹೋಲಿಸಿ ನಿರ್ಣಯಿಸಬಹುದು. ಮನುಷ್ಯಾಕಾರದ ಮಹಾಯಂತ್ರವೊಂದರ ಒಡಲೊಳಗೆ ಕುಳಿತು ಅದನ್ನು ನಡೆಯಿಸುತ್ತ ಕಾದುವ ಆಟವಾದರೋ ಎರಡನೆಯ ಬಗೆಯದು. ಮೆಕ್ ಸಿಮ್ಯುಲೇಷನ್ ಎಂದು ಹೆಸರಾದ ಈ ಪ್ರಕಾರವು 1990ರ ದಶಕದಲ್ಲಿ ಉಚ್ಛ್ರಾಯವನ್ನು ಪಡೆದು, ಮುಂದಿನ ದಶಕದಲ್ಲಿ ಬಾಡಿ, ಈಚಿನ ವರ್ಷಗಳಲ್ಲಿ ಮತ್ತೆ ತಲೆಯೆತ್ತುತ್ತಿದೆ. ಅದು ಬಾಡಿದುದೇಕೆ, ಈಗ ಚಿಗುರುತ್ತಿರುವುದು ಹಳೆಯ ಬೇರಿನಿಂದಲೋ ಅಲ್ಲವೋ ಎಂಬುದು ವಿಚಾರಾರ್ಹವಾದ ವಿಷಯ.

ಈ ಕಲ್ಪನೆಯ ತೌರುಮನೆ ಜಪಾನ್ ದೇಶ. 1972ರಲ್ಲಿ ಗೋ ನಾಗಾಯ್ ಎಂಬಾತನು ರಚಿಸಿದ ‘ಮಜಿಂಗರ್ ಝಡ್’ನಲ್ಲಿ ವೀರನು ಯಂತ್ರದ ತಲೆಯಲ್ಲಿ ಕುಳಿತು ಅದನ್ನು ನಡೆಸಿದನು. 1979ರ ‘ಮೊಬೈಲ್ ಸೂಟ್ ಗಂಡಮ್’ ಎಂಬ ಚಿತ್ರಮಾಲಿಕೆಯಲ್ಲಿ ಯೊಶಿಯುಕಿ ತೊಮಿನೊ ಎಂಬಾತನು ಆ ಯಂತ್ರವನ್ನು ಅದ್ಭುತವಸ್ತುವಾಗಿ ಉಳಿಸದೆ, ಸೈನ್ಯದ ಸಲಕರಣೆಗಳಲ್ಲೊಂದನ್ನಾಗಿ ಮಾಡಿದನು. ಅಮೆರಿಕದಲ್ಲಿ ಫಾಸಾ ಎಂಬ ಸಂಸ್ಥೆಯು 1984ರಲ್ಲಿ ಹಾಸಿನ ಮೇಲೆ ದಾಳಗಳಿಂದ ಆಡುವ ಆಟವೊಂದನ್ನು ಹೊರತಂದಿತು. ಅದೇ ಮುಂದೆ ‘ಬ್ಯಾಟಲ್‌ಟೆಕ್’ ಎಂದು ಪ್ರಸಿದ್ಧವಾಯಿತು. ಅದನ್ನು ಆಧರಿಸಿ 1989ರಲ್ಲಿ ‘ಮೆಕ್‌ವಾರಿಯರ್’ ಎಂಬ ಗಣಕದ ಆಟವೂ 1995ರಲ್ಲಿ ಅದರ ಎರಡನೆಯ ಭಾಗವೂ ಬಂದುವು. ಈ ಎರಡನೆಯ ಭಾಗವನ್ನು ಈ ಪ್ರಕಾರದ ಶಿಖರವೆಂದು ಹಲವರು ಎಣಿಸುತ್ತಾರೆ.

ಆ ಆಟಗಳ ರಚನಾಕ್ರಮವನ್ನು ತುಸು ವಿವರಿಸುವುದು ಅವಶ್ಯಕ. ಯಂತ್ರದ ತೂಕವು 20 ಟನ್ನಿನಿಂದ 100 ಟನ್ನಿನವರೆಗೆ. ಕವಚಕ್ಕೆ ಒಂದು ಟನ್ ಹೆಚ್ಚಾಗಿ ಕೊಟ್ಟರೆ ಆಯುಧದಲ್ಲಿಯೋ ವೇಗದಲ್ಲಿಯೋ ಅಷ್ಟು ಕಡಮೆಯಾಗಲೇಬೇಕು. ಕಾಲುಗಳು ಒಂದು ದಿಕ್ಕಿಗೆ ನಡೆಯುತ್ತಿರುವಾಗ ಮೇಲೊಡಲು ಬೇರೊಂದು ದಿಕ್ಕಿಗೆ ತಿರುಗಬಲ್ಲದು. ಆದುದರಿಂದ ಆಡುವವನು ಎರಡು ದಿಕ್ಕುಗಳನ್ನೂ ಏಕಕಾಲದಲ್ಲಿ ಮನಸ್ಸಿನಲ್ಲಿ ಇರಿಸಿಕೊಂಡಿರಬೇಕು. ಆಯುಧವನ್ನು ಪ್ರಯೋಗಿಸಿದಷ್ಟೂ ಯಂತ್ರದ ಒಡಲಿನಲ್ಲಿ ಕಾವು ಏರುತ್ತದೆ. ಅದು ಮೇರೆ ಮೀರಿದರೆ ಯಂತ್ರವು ತಾನಾಗಿಯೇ ಸ್ತಬ್ಧವಾಗಿ, ಶತ್ರುವಿನೆದುರು ನಿಶ್ಚೇಷ್ಟಿತವಾಗಿ ನಿಲ್ಲುವುದು. ಹೀಗೆ ಪ್ರತಿಯೊಂದು ಶಕ್ತಿಗೂ ಒಂದು ಬೆಲೆಯಿದೆ. ಶತ್ರುವನ್ನು ಗೆಲ್ಲುವುದಕ್ಕೆ ಮುಂಚೆ ತನ್ನ ಯಂತ್ರದ ಜಾಡ್ಯವನ್ನು ಗೆಲ್ಲಬೇಕು.

ಇಲ್ಲಿ ಒಂದು ಹಳೆಯ ವಾದವನ್ನು ಸ್ಮರಿಸಬಹುದು. ನಾಟ್ಯದಲ್ಲಿ ರಸವು ಅನುಕರಣರೂಪವಾದುದೆಂದೂ, ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎಂದುಕೊಳ್ಳುವಂತೆ ಪ್ರೇಕ್ಷಕನು ನಟನನ್ನು ರಾಮನೆಂದು ಗ್ರಹಿಸುತ್ತಾನೆಂದೂ ಶ್ರೀಶಂಕುಕನ ಮತ. ರಾಮನನ್ನೇ ಕಾಣದವನಿಗೆ ಇದು ರಾಮನ ಅನುಕರಣವೆಂಬುದು ಹೇಗೆ ತಿಳಿದೀತೆಂದು ಅಭಿನವಗುಪ್ತನ ಗುರುವಾದ ಭಟ್ಟತೌತನು ಅದನ್ನು ಖಂಡಿಸಿದನು. ಈ ಆಕ್ಷೇಪವು ಬೃಹದ್ಯಂತ್ರಕ್ರೀಡೆಗೆ ಅಕ್ಷರಶಃ ಅನ್ವಯಿಸುತ್ತದೆ. ನೂರು ಟನ್ನಿನ ಯುದ್ಧಯಂತ್ರವು ನಡೆಯುವುದನ್ನು ಕಂಡವರಾರು? ಆದರೆ ಭಾರವನ್ನು ಹೊತ್ತು ದಿಣ್ಣೆಯನ್ನು ಹತ್ತಿದಾಗ ಆಗುವ ಆಯಾಸವನ್ನೂ, ಓಡುತ್ತಿರುವವನು ಥಟ್ಟನೆ ನಿಲ್ಲಲಾರದ ಕಷ್ಟವನ್ನೂ ಅರಿಯದವರಿಲ್ಲ. ಈ ಸಾಧಾರಣವಾದ ಅನುಭವವೇ ಇಲ್ಲಿ ಪ್ರಮಾಣ. ಅನುಕರಿಸಲ್ಪಡುವುದು ಯಂತ್ರವಲ್ಲ, ಭಾರ. ಭಾರವನ್ನು ತೆಗೆದರೆ ಯಂತ್ರದ ವೇಷ ಮಾತ್ರ ಉಳಿಯುತ್ತದೆ.

ಇನ್ನು ಅವನತಿಯ ವಿಚಾರ. ಜನರ ಅಭಿರುಚಿಯು ಬದಲಾದುದೇ ಕಾರಣವೆಂಬುದು ಸಾಮಾನ್ಯವಾದ ಪೂರ್ವಪಕ್ಷ. ಓಡುತ್ತ ಗುಂಡು ಹಾರಿಸುವ ಶೀಘ್ರಗತಿಯ ಆಟಗಳು ಆ ಕಾಲದಲ್ಲಿ ಪ್ರಬಲವಾದುದು ನಿಜ. ಜಾಯ್‌ಸ್ಟಿಕ್ ಎಂಬ ಹಿಡಿಕೋಲು ಗಣಕದ ಮೇಜಿನಿಂದ ಮರೆಯಾಗುತ್ತ ಬಂದುದೂ ನಿಜ. ಆದರೆ ಅಷ್ಟರಿಂದಲೇ ಸಮಾಧಾನವಾಗದು. 1999ರಲ್ಲಿ ಫಾಸಾದ ಗಣಕಕ್ರೀಡಾ ವಿಭಾಗವು ಮೈಕ್ರೋಸಾಫ್ಟಿನ ವಶವಾಯಿತು. 2001ರಲ್ಲಿ ಮೂಲಸಂಸ್ಥೆಯು ವ್ಯವಹಾರವನ್ನು ನಿಲ್ಲಿಸಿತು. 2002ರಲ್ಲಿ ‘ಮೆಕ್‌ವಾರಿಯರ್ 4’ರ ಕಡೆಯ ಗ್ರಂಥವೆನ್ನಬಹುದಾದ ‘ಮರ್ಸಿನರೀಸ್’ ಬಂದಿತು. ಅದೇ ವರ್ಷ ಎಕ್ಸ್‌ಬಾಕ್ಸಿಗಾಗಿ ಬಂದ ‘ಮೆಕ್‌ಅಸಾಲ್ಟ್’ ಅದೇ ಕಥಾಲೋಕವನ್ನು ಹಗುರವಾದ ಕಾಳಗದ ಆಟವನ್ನಾಗಿ ಮಾರ್ಪಡಿಸಿತು. 2007ರಲ್ಲಿ ಫಾಸಾದ ಹೆಸರಿನಲ್ಲಿ ಉಳಿದಿದ್ದ ಕ್ರೀಡಾಶಾಲೆಯೂ ಮುಚ್ಚಿತು. ರಸಿಕರು ಒಮ್ಮೆಗೇ ಕೈಬಿಟ್ಟರೆನ್ನುವುದಕ್ಕಿಂತ, ಒಡೆತನವು ಕೈಯಿಂದ ಕೈಗೆ ಹೋಗುತ್ತಿರಲು ಬಡಿಸುವವರೇ ಇಲ್ಲವಾದರೆನ್ನುವುದು ಹೆಚ್ಚು ಯುಕ್ತ.

ಆ ಕ್ಷಯಕಾಲದಲ್ಲಿಯೇ ಈ ಪ್ರಕಾರದ ಅತ್ಯಂತ ಸಾಹಸದ ಕೃತಿಯೊಂದು ಜನಿಸಿತು. 2002ರಲ್ಲಿ ಜಪಾನಿನ ಕ್ಯಾಪ್‌ಕಾಂ ಸಂಸ್ಥೆಯು ‘ಸ್ಟೀಲ್ ಬೆಟಾಲಿಯನ್’ ಎಂಬ ಆಟವನ್ನು ಸುಮಾರು 40 ಗುಂಡಿಗಳೂ ಎರಡು ಹಿಡಿಕೋಲುಗಳೂ ಮೂರು ಕಾಲ್ಮೆಟ್ಟುಗಳೂ ಉಳ್ಳ ಪ್ರತ್ಯೇಕ ಉಪಕರಣದೊಡನೆ ಹೊರತಂದಿತು. ಅಮೆರಿಕದಲ್ಲಿ ಅದರ ಬೆಲೆ 200 ಡಾಲರು. ಯಂತ್ರವು ನಾಶವಾಗುವ ಹೊತ್ತಿನಲ್ಲಿ ಹೊರಚಿಮ್ಮುವ ಗುಂಡಿಯನ್ನು ಸಕಾಲದಲ್ಲಿ ಒತ್ತದಿದ್ದರೆ ಆಡುವವನು ಕೂಡಿಟ್ಟ ಪ್ರಗತಿಯೆಲ್ಲ ಅಳಿಸಿಹೋಗುತ್ತಿತ್ತು. ಇದನ್ನು ಕ್ರೌರ್ಯವೆಂದವರುಂಟು. ಆದರೆ ಭಯಾನಕವು ಮಾತಿನಲ್ಲಿ ಉಳಿಯದೆ ಬೆರಳ ತುದಿಗೆ ಬಂದುದು ಇಲ್ಲಿಯೇ. 2012ರಲ್ಲಿ ಅದೇ ಹೆಸರಿನಲ್ಲಿ ಬಂದ ಇನ್ನೊಂದು ಆಟವು ಉಪಕರಣವನ್ನು ತ್ಯಜಿಸಿ, ಬರಿಗೈಯ ಸಂಜ್ಞೆಗಳನ್ನು ಕಿನೆಕ್ಟ್ ಎಂಬ ಯಂತ್ರದಿಂದ ಗ್ರಹಿಸಲು ಹೊರಟು ವಿಫಲವಾಯಿತು. ಗಾಳಿಯಲ್ಲಿ ಆಡಿಸುವ ಕೈಗೆ ಕಬ್ಬಿಣದ ಭಾರವು ತಿಳಿಯುವುದೆಂತು?

ಈಗಿನ ಪುನರುಜ್ಜೀವನದಲ್ಲಿ ಎರಡು ಧಾರೆಗಳು ಕಾಣಿಸುತ್ತವೆ. ಪಿರಾನ್ಹಾ ಗೇಮ್ಸ್ ಎಂಬ ಕೆನಡಾದ ಸಂಸ್ಥೆಯು 2013ರಲ್ಲಿ ‘ಮೆಕ್‌ವಾರಿಯರ್ ಆನ್‌ಲೈನ್’ ಎಂಬುದನ್ನೂ, 2019ರಲ್ಲಿ ‘ಮೆಕ್‌ವಾರಿಯರ್ 5: ಮರ್ಸಿನರೀಸ್’ ಎಂಬುದನ್ನೂ, 2024ರಲ್ಲಿ ‘ಕ್ಲ್ಯಾನ್ಸ್’ ಎಂಬುದನ್ನೂ ಹೊರತಂದಿತು. ಇವುಗಳಲ್ಲಿ ಕಾವು, ತೂಕ, ಇಬ್ಬಗೆಯ ದಿಕ್ಕು ಎಂಬ ಹಳೆಯ ಲಕ್ಷಣಗಳು ಉಳಿದಿವೆ. ‘ಮರ್ಸಿನರೀಸ್’ನ ಬಹುಪಾಲು ಕಾಳಗಗಳು ಗಣಕವೇ ಹೆಣೆದುವಾದುದರಿಂದ ಪುನರುಕ್ತಿದೋಷಕ್ಕೆ ಒಳಗಾದುವು; ‘ಕ್ಲ್ಯಾನ್ಸ್’ ಆದರೋ ಕೈಯಾರೆ ರಚಿಸಿದ ಕಥೆಯಿಂದ, ಸ್ವಕುಲದ ಆಜ್ಞೆಗೂ ಅಂತರಂಗಕ್ಕೂ ನಡುವೆ ಸಿಕ್ಕಿದ ಯುವಯೋಧರ ಧರ್ಮಸಂಕಟವನ್ನು ತಂದು ಆ ದೋಷವನ್ನು ಬಹುಮಟ್ಟಿಗೆ ಪರಿಹರಿಸಿದೆ. ಎರಡನೆಯ ಧಾರೆಯು ಫ್ರಮ್‌ಸಾಫ್ಟ್‌ವೇರಿನ ‘ಆರ್ಮರ್ಡ್ ಕೋರ್’. 1997ರಲ್ಲಿ ಮೊದಲಾದ ಈ ಮಾಲೆಯು 2013ರ ಬಳಿಕ ಹತ್ತು ವರ್ಷ ಮೌನವಾಗಿದ್ದು, 2023ರಲ್ಲಿ ಆರನೆಯ ಕಾಂಡದೊಡನೆ ಮರಳಿತು. ಅದರ ಯಂತ್ರಗಳು ಗಗನಕ್ಕೆ ನೆಗೆದು ಮಿಂಚಿನಂತೆ ಸಂಚರಿಸುತ್ತವೆ. ಅಲ್ಲಿ ಭಾರದ ಲೆಕ್ಕವು ಯಂತ್ರವನ್ನು ಜೋಡಿಸುವ ಶಾಲೆಯಲ್ಲಿ ಕಟ್ಟುನಿಟ್ಟಾಗಿದೆ. ರಣರಂಗದಲ್ಲಿ ಲಾಘವವೇ ಪ್ರಧಾನ. ಅದು ಉತ್ತಮವಾದ ಆಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನೃತ್ತ, ಅನುಕರಣವಲ್ಲ. ಅದರ ಜಯವನ್ನೇ ಸಿಮ್ಯುಲೇಷನ್ನಿನ ಜಯವೆಂದು ಎಣಿಸುವುದು ನಾಮಸಾಮ್ಯದಿಂದಾದ ಭ್ರಾಂತಿ.

ಅಭ್ಯಾಸವನ್ನು ಬೇಡುವ ಕಲೆಗೆ ರಸಿಕರು ಎಂದಿಗೂ ಮಿತವಾಗಿಯೇ ಇರುತ್ತಾರೆ. ವ್ಯಾಕರಣವನ್ನು ಕಲಿಯದವನಿಗೆ ಶ್ಲೇಷವು ಕ್ಲೇಶವೇ. ಹಾಗೆಂದು ಶ್ಲೇಷವನ್ನು ಬಿಟ್ಟ ಕವಿಗಳಿಲ್ಲ. ಈ ಪ್ರಕಾರವನ್ನು ಬದುಕಿಸಬೇಕೆನ್ನುವವರು ಅದನ್ನು ಸುಲಭಗೊಳಿಸುವ ದಾರಿಯನ್ನು ‘ಮೆಕ್‌ಅಸಾಲ್ಟ್’ನ ಕಾಲದಲ್ಲಿಯೇ ಪರೀಕ್ಷಿಸಿದುದಾಯಿತು, ಅದರಿಂದ ಹೊಸಬರು ಬಂದರೂ ಹಳೆಯ ವಿದ್ಯೆಯು ಉಳಿಯಲಿಲ್ಲ. ಕಲಿಸುವ ಕ್ರಮವು ಸುಗಮವಾಗಲಿ, ಬೆಲೆಯು ಕೈಗೆಟುಕುವಂತಿರಲಿ, ಕಥೆಯು ಪ್ರೌಢವಾಗಲಿ; ಭಾರವನ್ನು ಮಾತ್ರ ಇಳಿಸಕೂಡದು. ಏರುವ ಕಾವನ್ನು ನೋಡುತ್ತ, ಇನ್ನೊಂದು ಬಾಣವನ್ನು ಬಿಡಬೇಕೋ ತಡೆಯಬೇಕೋ ಎಂದು ಆಡುವವನು ಒಂದು ಕ್ಷಣ ಹಿಂಜರಿಯುವನಲ್ಲವೆ, ಆ ಕ್ಷಣವು ಯಾವ ಆಟದಲ್ಲಿ ಉಳಿದಿದೆಯೋ ಅದರಲ್ಲಿ ಈ ಪ್ರಕಾರವು ಜೀವಂತವಾಗಿದೆ.